ಹಬ್ಬಕ್ಕೆ ಬರುವ ಮಗ

ದಿಲ್ಲಿಯಲ್ಲಿ ಓದುತ್ತಿರುವ ಮಗನನ್ನು ಬೆಂಗಳೂರಿನ ತಾಯಿ ಕೇಳುವ ಪ್ರಶ್ನೆ ಒಂದೇ: “ಹಬ್ಬಕ್ಕೆ ಬರುತ್ತೀಯಷ್ಟೆ?” ಉತ್ತರ ಅವನ ಕೈಯಲ್ಲಿಲ್ಲ, ರೈಲ್ವೆಯವರ ಪಂಚಾಂಗದಲ್ಲಿದೆ.

ಆ ಪಂಚಾಂಗವೂ ಈಗ ಬೇರೆ. ಮೊದಲು 120 ದಿನ ಮುಂಚಿತವಾಗಿ ಸ್ಥಳ ಕಾಯ್ದಿರಿಸಬಹುದಾಗಿತ್ತು. 2024ರ ನವೆಂಬರ್ 1ರಿಂದ ಅವಧಿ 60 ದಿನಗಳಿಗೆ ಇಳಿಯಿತು. ಹೊರಡುವ ದಿನ ಲೆಕ್ಕಕ್ಕೆ ಸೇರದು. ಅಕ್ಟೋಬರ್ 20ರಂದು ಹೊರಡುವವನು ಆಗಸ್ಟ್ 21ರ ಬೆಳಗ್ಗೆ 8 ಗಂಟೆಗೆ ಸಿದ್ಧನಾಗಿರಬೇಕು. ವಿದ್ಯಾರ್ಥಿಗಳ ಪಾಲಿಗೆ ಅದು ಬ್ರಾಹ್ಮೀ ಮುಹೂರ್ತವೆಂದು ಬಲ್ಲ ತಂದೆ, ತಾನೇ ಬೆಂಗಳೂರಿನಿಂದ ಆ ಕೆಲಸ ಮುಗಿಸುವುದು ಲೇಸು.

ತೊಡಕು ಪರೀಕ್ಷೆಯ ವೇಳಾಪಟ್ಟಿಯದು. ಅನೇಕ ವೇಳೆ ಅದು ಅಷ್ಟು ಬೇಗ ಹೊರಬಿದ್ದೇ ಇರುವುದಿಲ್ಲ. ಅದಕ್ಕಾಗಿ ಕಾದವನ ಹೆಸರು ಕಡೆಗೆ ನಿರೀಕ್ಷಣಾಪಟ್ಟಿಗೆ ಏರುತ್ತದೆ. ಅಂತರಜಾಲದಲ್ಲಿ ಕೊಂಡ ಅಂತಹ ಟಿಕೆಟ್ಟು, ಕಡೆಯವರೆಗೂ ಸ್ಥಳ ದೊರೆಯದಿದ್ದರೆ ತಾನಾಗಿಯೇ ರದ್ದಾಗುತ್ತದೆ. ಹಣದ ಬಹುಭಾಗ ಮರಳೀತು, ಹಬ್ಬ ಮರಳದು. ಬರಿದಾದ ವಿದ್ಯಾರ್ಥಿನಿಲಯದಲ್ಲಿ, ಅಡಿಗೆಮನೆ ಮುಚ್ಚಿರುವಾಗ, ಮೊದಲ ವರ್ಷದ ಹುಡುಗ ದೀಪಾವಳಿಯನ್ನು ಹೇಗೆ ಕಳೆದನೆಂಬುದು ಮನೆಗೆ ತಿಳಿಯುವುದೇ ಇಲ್ಲ. ಅವನು ಹೇಳುವುದಿಲ್ಲ.

ಆದುದರಿಂದ ಊಹೆಯ ದಿನಕ್ಕೇ ಟಿಕೆಟ್ಟು ಕೊಂಡಿಡಬೇಕು. ದಿನ ತಪ್ಪಿದರೆ, ಸ್ವಲ್ಪ ಹಣ ಹೋದರೂ ಹೋಗಲಿ, ರದ್ದುಮಾಡಿದರಾಯಿತು. ಮುನ್ನಾದಿನದ ತತ್ಕಾಲ್ ಟಿಕೆಟ್ಟನ್ನು ನಂಬಿ ಕೂಡುವುದು ಜೂಜು.

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದಾರಿ ಎರಡು ರಾತ್ರಿಗಳದು. ಎರಡನೆಯ ರಾತ್ರಿ ಸೋಲಾಪುರ ದಾಟಿದ ಮೇಲೆ ಡಬ್ಬಿಯಲ್ಲಿ ಕನ್ನಡ ಕೇಳತೊಡಗುತ್ತದೆ. ಆ ಸಂಭ್ರಮದಲ್ಲಿ ಮರುಪ್ರಯಾಣದ ಟಿಕೆಟ್ಟನ್ನು ಯಾರೂ ನೆನೆಯುವುದಿಲ್ಲ. ಅದರ 60 ದಿನಗಳ ಲೆಕ್ಕ ಬೇರೆಯೇ ಉಂಟು. ತಾಯಿ ಮಾತ್ರ ಅದನ್ನು ಬೇಕೆಂದೇ ಮರೆತಿರುತ್ತಾಳೆ.