ಅಂಗಳದ ಚಪ್ಪರಕ್ಕೆ ಮರಳೋಣ

ಅಡಿಕೆಯ ಕೊಯಿಲು ಮುಗಿದು, ಕಾಫಿಯ ಕಣಗಳು ಬರಿದಾಗಿ, ಮುಂಗಾರಿನ ಮೊದಲ ಮೋಡಗಳು ಪಶ್ಚಿಮದ ಶಿಖರಗಳ ಮೇಲೆ ಕವಿಯುವುದಕ್ಕೆ ಮುನ್ನ ದೊರೆಯುವ ಬಿಡುವಿನ ಕೆಲವು ತಿಂಗಳುಗಳೇ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಗೆ ತಲೆಮಾರುಗಳಿಂದಲೂ ವಿವಾಹದ ಕಾಲವಾಗಿ ಬಂದಿವೆ. ಆ ಕಾಲದಲ್ಲಿ ಈ ಭಾಗದ ಯಾವ ಮಾರ್ಗದಲ್ಲಿ ಹೋದರೂ ಒಂದಲ್ಲ ಒಂದು ದಿಬ್ಬಣ ಎದುರಾಗುತ್ತದೆ. ಯಾವ ಮನೆಗೆ ಹೋದರೂ ಕರೆಯೋಲೆಗಳ ಕಟ್ಟು ಕಾಣಸಿಗುತ್ತದೆ. ಆ ಮನೆಗಳ ಮಕ್ಕಳಲ್ಲಿ ಈಚೆಗೆ ಹೊಸದೊಂದು ಅಪೇಕ್ಷೆ ತಲೆದೋರಿದೆ: ತಮ್ಮ ವಿವಾಹವು ಹತ್ತರೊಡನೆ ಹನ್ನೊಂದೆಂಬಂತೆ ಇರಬಾರದು, ಅದರಲ್ಲಿ ತಮ್ಮ ಅಭಿರುಚಿಯ ಮುದ್ರೆ ಇರಬೇಕು, ಕೈಯಾರೆ ಮಾಡಿದ ವಸ್ತುಗಳ ಚೆಲುವು ಇರಬೇಕು ಎಂಬುದು ಅವರ ಮಾತು.

ಈ ಅಪೇಕ್ಷೆ ಗೌರವಾರ್ಹವಾದುದು. ಆದರೆ ಅದನ್ನು ಪೂರೈಸಿಕೊಳ್ಳಲು ಇವರು ಹಿಡಿದಿರುವ ಮಾರ್ಗವು ಎಲ್ಲ ವಿವಾಹಗಳನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ಯುತ್ತಿದೆ ಎಂಬುದನ್ನು ವ್ಯಥೆಯಿಂದಲೇ ಹೇಳಬೇಕಾಗಿದೆ. ಬೆಂಗಳೂರಿನಿಂದಲೋ ಶಿವಮೊಗ್ಗದಿಂದಲೋ ಬಂದ ಅಲಂಕಾರದವರ ಆಲ್ಬಮ್ಮನ್ನು ತಿರುವಿಹಾಕಿ ಆಯ್ದುಕೊಂಡ ಮಂಟಪ, ಹೆಸರು ಬದಲಿಸಿದರೆ ಯಾರಿಗಾದರೂ ಸಲ್ಲುವ ವಿಡಿಯೋ ಕರೆಯೋಲೆ, ತೋಟದ ಹೂವು ಬಾಗಿಲಲ್ಲೇ ಅರಳಿರುವಾಗ ಲಾರಿಯಲ್ಲಿ ಬಂದಿಳಿಯುವ ಪ್ಲಾಸ್ಟಿಕ್ ಹೂಮಾಲೆ, ಇವುಗಳಿಗೆಲ್ಲ ಲಕ್ಷಗಟ್ಟಲೆ ಹಣ ಸುರಿದ ಮೇಲೆ ವಧೂವರರ ಕೈಗೆ ಬರುವುದು ನೆರೆಮನೆಯವರ ಆಲ್ಬಮ್ಮಿಗಿಂತ ಭಿನ್ನವಲ್ಲದ ಇನ್ನೊಂದು ಆಲ್ಬಮ್ಮು. ವಿವಾಹವು ನಮ್ಮದೆನಿಸುವುದು ಅದರ ಸಿದ್ಧತೆಯಲ್ಲಿ ನಮ್ಮ ಕೈಯೂ, ಅದರ ಪ್ರತಿಜ್ಞೆಯಲ್ಲಿ ನಮ್ಮ ಬುದ್ಧಿಯೂ ಪಾಲ್ಗೊಂಡಾಗ ಮಾತ್ರ ಎಂಬುದು ನನ್ನ ದೃಢವಾದ ನಂಬಿಕೆ. ಇವೆರಡಕ್ಕೂ ಬೇಕಾದ ಮಾದರಿಗಳನ್ನು ಹುಡುಕಿಕೊಂಡು ಈ ಮೂರು ತಾಲ್ಲೂಕುಗಳ ಜನ ದೂರ ಹೋಗಬೇಕಾಗಿಲ್ಲ. ಒಂದು ಅವರ ಅಂಗಳದಲ್ಲಿದೆ, ಇನ್ನೊಂದು ಅವರ ಮಣ್ಣಿನಲ್ಲಿ ಹುಟ್ಟಿದ ಮಹಾಕವಿಯೊಬ್ಬರ ಕೊಡುಗೆಯಾಗಿದೆ.

ಮೊದಲನೆಯದು ಚಪ್ಪರದ ಮದುವೆ. ಕಲ್ಯಾಣಮಂಟಪಗಳು ಪೇಟೆಗೊಂದರಂತೆ ತಲೆಯೆತ್ತುವುದಕ್ಕೆ ಮುನ್ನ ಮಲೆನಾಡಿನ ವಿವಾಹಕ್ಕೆ ಮನೆಯ ಅಂಗಳವೇ ಮಂಟಪವಾಗಿದ್ದಿತು. ತೋಟದಲ್ಲಿ ಫಲ ನಿಂತ ಅಡಿಕೆ ಮರಗಳನ್ನು ಕಡಿದು ಕಂಬ ನೆಟ್ಟು, ಅಡಿಕೆಯ ದಬ್ಬೆಗಳನ್ನು ಅಡ್ಡ ಹಾಯಿಸಿ, ಮೇಲೆ ಸೋಗೆಯನ್ನೂ ಹಸಿಸೊಪ್ಪನ್ನೂ ಹೊದಿಸಿ, ಬಾಗಿಲಿಗೆ ಬಾಳೆಯ ಕಂಬಗಳನ್ನು ನಿಲ್ಲಿಸಿ, ಮಾವಿನ ತಳಿರಿನ ತೋರಣಗಳ ನಡುವೆ ಆಗತಾನೆ ಹಾಳೆಯೊಡೆದ ಅಡಿಕೆಯ ಸಿಂಗಾರವನ್ನು ಇಳಿಬಿಟ್ಟರೆ, ಅದಕ್ಕಿಂತ ಮಿಗಿಲಾದ ಅಲಂಕಾರವನ್ನು ಯಾವ ನಗರದ ಕಲಾಕಾರನೂ ಕಲ್ಪಿಸಲಾರ. ನೆಲಕ್ಕೆ ಸಗಣಿ ಸಾರಿಸುವುದಕ್ಕೂ ಅಡಿಕೆಯ ಹಾಳೆಯೇ ಸಾಧನವಾಗುತ್ತಿದ್ದಿತು. ಇದಾವುದಕ್ಕೂ ಹಣ ಬೇಕಿರಲಿಲ್ಲ, ಬೇಕಾದುದು ಜನ. ಆ ಜನ ಮುಯ್ಯಾಳಿನ ಪದ್ಧತಿಯಿಂದ ಒದಗುತ್ತಿದ್ದರು: ಇಂದು ನಿಮ್ಮ ಮನೆಯ ಚಪ್ಪರಕ್ಕೆ ನಾನು ಗೂಟ ಹೊಡೆದರೆ ನಾಳೆ ನನ್ನ ಮನೆಯ ಚಪ್ಪರಕ್ಕೆ ನೀವು ಸೋಗೆ ಹೊರುತ್ತೀರಿ ಎಂಬ, ಬರವಣಿಗೆಯಿಲ್ಲದ, ಆದರೆ ಯಾರೂ ತಪ್ಪದ ಒಡಂಬಡಿಕೆ ಅದು.

ಮದುವೆಯ ಹಿಂದಿನ ಸಂಜೆಯ ಆ ಚಪ್ಪರವನ್ನು ಕಂಡವರು ಅದನ್ನು ಮರೆಯುವಂತಿಲ್ಲ. ಒಂದು ಮೂಲೆಯಲ್ಲಿ ಗಂಡಸರು ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಎಳೆಯ ಹಲಸಿನಕಾಯಿಯ ಮೇಣವನ್ನು ಬಾಳೆಲೆಯ ದಂಟಿನಿಂದ ಒರಸುತ್ತ, ಮೆಟ್ಟುಗತ್ತಿಯ ಮುಂದೆ ಕುಳಿತು ನಾಳಿನ ಪಲ್ಯಕ್ಕೆ ಹೆಚ್ಚುತ್ತಿರುತ್ತಾರೆ. ಇನ್ನೊಂದೆಡೆ ಅಜ್ಜಿಯರು ಬಾಳೆಯ ನಾರನ್ನು ನೀರಿನಲ್ಲಿ ನೆನೆಸಿಟ್ಟುಕೊಂಡು ಸುರಗಿಯ ದಂಡೆ ಕಟ್ಟುತ್ತಿರುತ್ತಾರೆ. ಒಣಗಿದ ಮೇಲೂ ಬಹುಕಾಲ ಪರಿಮಳವನ್ನುಳಿಸಿಕೊಳ್ಳುವ ಆ ಪುಟ್ಟ ಹೂವು ಬೇಸಗೆಯಲ್ಲಿಯೇ ಅರಳುವುದು ಮಲೆನಾಡಿನ ಮದುಮಗಳ ಭಾಗ್ಯವೆಂದೇ ಹೇಳಬೇಕು. ಮೊಮ್ಮಗಳೊಬ್ಬಳು ಅಜ್ಜಿಯ ಪಕ್ಕದಲ್ಲಿ ಕುಳಿತು ನಾರು ಜಾರದಂತೆ ಗಂಟು ಹಾಕುವುದನ್ನು ಕಲಿಯುತ್ತಾಳೆ. ಕಲಿಯುತ್ತ, ಅಜ್ಜಿಯ ಮದುವೆಯಲ್ಲಿ ಈ ದಂಡೆಯನ್ನು ಯಾರು ಕಟ್ಟಿದ್ದರೆಂಬುದನ್ನೂ ಕೇಳಿ ತಿಳಿಯುತ್ತಾಳೆ. ಹಣ ಕೊಟ್ಟು ತಂದ ಹಾರವು ಈ ಸಂಭಾಷಣೆಗೆ ಎಡೆಮಾಡಿಕೊಡದು.

ನೆರೆಯ ಸಾಗರ, ಸೊರಬಗಳ ದೀವರ ಮನೆಗಳಲ್ಲಿ ಈ ಹಸ್ತಕೌಶಲವು ಕಲೆಯ ಔನ್ನತ್ಯವನ್ನೇ ಮುಟ್ಟಿದೆ. ವಧೂವರರನ್ನು ಕುಳ್ಳಿರಿಸುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣನ್ನು ಬಳಿದು, ಅರೆದ ಅಕ್ಕಿಯ ಬಿಳುಪು, ಹುರಿದು ಕರಿಕಾದ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ, ಇಷ್ಟೇ ವರ್ಣಗಳಿಂದ, ಪುಂಡಿಯ ನಾರಿನ ಕುಂಚವನ್ನು ಹಿಡಿದು, ಅಳತೆಗೋಲಿನ ಸಹಾಯವಿಲ್ಲದೆ ಅಲ್ಲಿಯ ಹೆಣ್ಣುಮಕ್ಕಳು ಎಳೆಯುವ ಹಸೆ ಚಿತ್ತಾರದ ರೇಖೆಗಳು ಇಂದು ನಾಡಿನ ಹೊರಗೂ ಮನ್ನಣೆ ಪಡೆದಿವೆ. ಒಂದೇ ಕ್ರಮದ ಚಿತ್ತಾರವಾದರೂ ಬರೆದ ಕೈಯೊಂದರಂತೆ ಇನ್ನೊಂದು ಇರುವುದಿಲ್ಲ. ವೈಶಿಷ್ಟ್ಯವೆಂಬುದು ಪರಂಪರೆಯನ್ನು ತೊರೆದು ಹೊಸದನ್ನು ಕೊಳ್ಳುವುದರಲ್ಲಿ ಇಲ್ಲ, ಪರಂಪರೆಯನ್ನೇ ಸ್ವಂತ ಕೈಯಿಂದ ಮತ್ತೊಮ್ಮೆ ಮಾಡುವುದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಹಳೆಯ ಚಪ್ಪರವನ್ನು ಹೊಗಳುವಾಗ ಅದರ ಕಲಂಕಗಳನ್ನು ಮುಚ್ಚಿಡುವುದು ಸತ್ಯಕ್ಕೆ ಬಗೆಯುವ ಅಪಚಾರ. ಆ ಚಪ್ಪರದ ಕಂಬಗಳನ್ನು ಹೊತ್ತು ತಂದ ಆಳುಮಕ್ಕಳಿಗೆ ಊಟದ ವೇಳೆ ಅದೇ ಚಪ್ಪರದ ನೆರಳಿನಲ್ಲಿ, ಅದೇ ಪಂಕ್ತಿಯಲ್ಲಿ ಎಡೆಯಿರುತ್ತಿರಲಿಲ್ಲ. ಹೊಗೆ ತುಂಬಿದ ಅಡುಗೆಯ ಕೊಟ್ಟಿಗೆಯಲ್ಲಿ ಹಗಲಿರುಳು ದುಡಿದ ಹೆಂಗಸರು ಮಂಗಳಕಾರ್ಯವನ್ನು ಕಣ್ಣಾರೆ ಕಾಣದೆ ಉಳಿಯುತ್ತಿದ್ದುದೂ, ವಿಧವೆಯಾದ ತಾಯಿಯೇ ಮಗಳ ಹಸೆಯಿಂದ ದೂರ ನಿಲ್ಲಬೇಕಾಗಿದ್ದುದೂ ಆ ಕಾಲದ ನಡೆವಳಿಕೆಯೇ. ಇವುಗಳನ್ನೂ ಸೇರಿಸಿ ಹಿಂದಿನದನ್ನು ಮರಳಿ ತರಬೇಕೆಂದು ನಾನು ಕೇಳುವುದಿಲ್ಲ. ಚಪ್ಪರದಿಂದ ನಾವು ಪಡೆಯಬೇಕಾದುದು ಕೂಡಿ ದುಡಿಯುವ ಕೈ. ಸಮಾನತೆಯ ದೃಷ್ಟಿಯನ್ನು ಬೇರೆಡೆಯಿಂದ ಪಡೆಯಬೇಕಾಗಿದೆ.

ಅದನ್ನು ಕೊಟ್ಟವರು ಕುವೆಂಪು. 1904ರ ಡಿಸೆಂಬರ್ 29ರಂದು ಅವರು ಜನಿಸಿದುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, ಎಂಬುದನ್ನು ಈ ಸೀಮೆಯವರು ಹೆಮ್ಮೆಯಿಂದ ನೆನೆಯುತ್ತಾರೆ. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮತ್ತು ರಾಜೇಶ್ವರಿಯವರ ವಿವಾಹವನ್ನು ಅವರು ನಡೆಸಿದ ಕ್ರಮವೇ ಮುಂದೆ ‘ಮಂತ್ರಮಾಂಗಲ್ಯ’ವೆಂಬ ಹೆಸರಿನಿಂದ ಕನ್ನಡನಾಡಿನಲ್ಲಿ ಪ್ರಸಿದ್ಧವಾಯಿತು. ವರದಕ್ಷಿಣೆಯಿಲ್ಲದ, ಆಡಂಬರವಿಲ್ಲದ, ಮುಹೂರ್ತದ ಭಯವಿಲ್ಲದ, ಪೌರೋಹಿತ್ಯದ ಅವಲಂಬನೆಯಿಲ್ಲದ ವಿವಾಹವದು. ಪ್ರಾಚೀನ ಋಷಿವಾಕ್ಯಗಳಲ್ಲಿ ಉದಾತ್ತವಾದುವನ್ನು ಆಯ್ದು, ಅವುಗಳ ಅರ್ಥವನ್ನು ಕನ್ನಡದಲ್ಲಿ ವಧೂವರರ ಮುಂದಿರಿಸಿ, ತಾವು ಆಡುತ್ತಿರುವ ಮಾತೇನೆಂಬುದನ್ನು ಅರಿತು ಇಬ್ಬರೂ ಸಮಾನರಾಗಿ ಪ್ರತಿಜ್ಞೆ ಮಾಡುವಂತೆ ಅವರು ಏರ್ಪಡಿಸಿದರು. ಮರುವರ್ಷ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮಲೆನಾಡಿನ ಹೆಣ್ಣುಗಂಡುಗಳ ದಾಂಪತ್ಯದ ಆಸೆ ಸಂಕಟಗಳನ್ನು ಅಷ್ಟು ಆಳವಾಗಿ ಚಿತ್ರಿಸಿದ ಲೇಖನಿಯೇ ಈ ಸರಳವಿಧಿಯನ್ನೂ ರಚಿಸಿತೆಂಬುದು ಆಕಸ್ಮಿಕವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿಯೂ ನಾಡಿನ ಅನೇಕ ಕಡೆಗಳಲ್ಲಿಯೂ ಇಂದಿಗೂ ಈ ಕ್ರಮದ ವಿವಾಹಗಳು ನಡೆಯುತ್ತಿವೆ.

ಆಚಾರವನ್ನು ಬಿಡಲೊಲ್ಲದ ಮನೆಗಳಿಗೂ ಇಲ್ಲಿ ಪಾಠವಿದೆ. ಶಾರದಾಪೀಠದ ನೆರಳಿನಲ್ಲಿ, ವೇದಾಧ್ಯಯನಕ್ಕೆ ಶತಮಾನಗಳ ನೆಲೆಯಾದ ಶೃಂಗೇರಿಯ ಸೀಮೆಯಲ್ಲಿ, ಸಪ್ತಪದಿಯ ಏಳು ಹೆಜ್ಜೆಗಳ ಅರ್ಥವನ್ನು ವಧೂವರರಿಗೆ ತಿಳಿಗನ್ನಡದಲ್ಲಿ ಹೇಳಬಲ್ಲ ವಿದ್ವಾಂಸರಿಗೆ ಕೊರತೆಯಿಲ್ಲ. ಕೇಳುವವರಿಗೆ ಮಾತ್ರ ಕೊರತೆ. ಛಾಯಾಗ್ರಾಹಕನ ಸಲುವಾಗಿ ಹೆಜ್ಜೆಯನ್ನು ನಿಲ್ಲಿಸಿ ಮತ್ತೊಮ್ಮೆ ಇಡಿಸುವಷ್ಟು ವ್ಯವಧಾನವುಳ್ಳವರು, ಆ ಹೆಜ್ಜೆ ಏತಕ್ಕೆಂದು ಕೇಳಿ ತಿಳಿಯುವ ವ್ಯವಧಾನವನ್ನೂ ತೋರಬೇಡವೇ?

ಸ್ವಂತ ಕ್ರಮವನ್ನು ರೂಪಿಸಿಕೊಳ್ಳುವವರು ಕಾನೂನನ್ನೂ ಮರೆಯಬಾರದು. 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಕಲಮಿನಂತೆ ವಧೂವರರಲ್ಲಿ ಒಬ್ಬರ ಕಡೆಯ ರೂಢಿಯ ವಿಧಿಗಳಾದರೂ ನಡೆದಿರಬೇಕು. ಆ ವಿಧಿಗಳಿಲ್ಲದೆ ಕೇವಲ ನೋಂದಣಿಯ ಪ್ರಮಾಣಪತ್ರದಿಂದ ವಿವಾಹ ಸಿದ್ಧಿಸದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ವಿವಾಹವೆಂಬುದು ಹಾಡುಕುಣಿತಗಳಿಗೂ ಔತಣಕ್ಕೂ ಏರ್ಪಟ್ಟ ಸಮಾರಂಭವಲ್ಲವೆಂಬ ಹಿತವಚನವನ್ನೂ ಅದೇ ತೀರ್ಪಿನಲ್ಲಿ ನ್ಯಾಯಾಲಯ ನುಡಿದಿರುವುದು ನಮ್ಮ ಪ್ರಕೃತ ವಿಷಯಕ್ಕೆ ತೀರ ಹೊಂದುವಂಥದು. ವಿಧಿಗಳನ್ನು ಬಯಸದವರಿಗೆ 1954ರ ವಿಶೇಷ ವಿವಾಹ ಕಾಯಿದೆಯ ಮಾರ್ಗ ತೆರೆದಿದೆ: ಇಬ್ಬರಲ್ಲೊಬ್ಬರು ಕನಿಷ್ಠ 30 ದಿನ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟೀಸು ಕೊಟ್ಟು, 30 ದಿನಗಳ ಅವಧಿ ಕಳೆದ ಮೇಲೆ ಮೂವರು ಸಾಕ್ಷಿಗಳ ಎದುರಿನಲ್ಲಿ ವಿವಾಹವಾಗಬಹುದು. ಅಲ್ಲಿ ಕಾನೂನಿನ ಕಾರ್ಯವನ್ನು ಮುಗಿಸಿಕೊಂಡು, ಮನೆಯ ಚಪ್ಪರದಲ್ಲಿ ಮನಸ್ಸಿನ ಕಾರ್ಯವನ್ನು ನೆರವೇರಿಸಿಕೊಳ್ಳುವುದು ವಿವೇಕದ ನಡೆ.

ಸರಳವಾಗಿ ಮಾಡಿದರೆ ಜನ ಏನೆಂದಾರು ಎಂಬ ಅಳುಕು ಹಿರಿಯರಲ್ಲಿ ಇರುವುದು ಸಹಜ. ಆದರೆ ಈ ಸೀಮೆಯ ಈಗಿನ ಸ್ಥಿತಿಯನ್ನು ಅವರು ನೆನೆಯಬೇಕು. ಶೃಂಗೇರಿ, ಕೊಪ್ಪಗಳ ತೋಟಗಳನ್ನು ದಶಕಗಳಿಂದ ಹಳದಿ ಎಲೆ ರೋಗ ಹಿಂಡುತ್ತಿದೆ. ಅದರ ಬೆನ್ನಿಗೆ ಎಲೆಚುಕ್ಕಿ ರೋಗವೂ ಬಂದೆರಗಿದೆ. ಹಿಡಿಯಷ್ಟು ಅಡಿಕೆಯೂ ಕೈಗೆ ಹತ್ತದ ತೋಟವನ್ನು ಒತ್ತೆಯಿಟ್ಟು, ಒಂದು ಹಗಲಿನ ವೈಭವಕ್ಕಾಗಿ ಹಲವು ವರ್ಷಗಳ ಸಾಲವನ್ನು ಹೊರುವುದರಿಂದ ಯಾವ ಮನೆತನದ ಮಾನವೂ ಹೆಚ್ಚುವುದಿಲ್ಲ. ವೈಭವದ ಶೇಷವಾಗಿ ಉಳಿಯುವುದಾದರೂ ಏನು? ಅಲಂಕಾರದ ಥರ್ಮೋಕೋಲು, ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ. ಇವುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ್ದರೂ ಇವುಗಳ ಬಳಕೆ ನಿಂತಿಲ್ಲ. ಮೊದಲ ಮಳೆಗೆ ಕೊಚ್ಚಿಹೋಗಿ ಶೃಂಗೇರಿಯ ಬಳಿ ತುಂಗೆಯನ್ನೂ, ಬಾಳೆಹೊನ್ನೂರಿನ ಬಳಿ ಭದ್ರೆಯನ್ನೂ ಇವು ಸೇರುತ್ತವೆ. ಚಪ್ಪರದ ಸೋಗೆಯೂ ಊಟದ ಬಾಳೆಲೆಯೂ ಹಾಗಲ್ಲ; ಅವು ತೋಟದಿಂದ ಬಂದು, ಗೊಬ್ಬರವಾಗಿ ತೋಟಕ್ಕೇ ಮರಳುತ್ತವೆ.

ಕೈಗಳೇ ಇಲ್ಲವಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಗಳಲ್ಲಿ ವೃದ್ಧರಿಬ್ಬರೇ ಉಳಿದಿದ್ದಾರೆ, ಕೂಲಿಯವರು ದೊರೆಯುವುದಿಲ್ಲ. ಹೀಗಿರುವಾಗ ಚಪ್ಪರವನ್ನು ಕಟ್ಟುವವರಾರು? ಇದಕ್ಕೆ ಉತ್ತರವನ್ನು ಮಕ್ಕಳೇ ಕೊಡಬೇಕಾಗಿದೆ. ಪ್ರೀ-ವೆಡ್ಡಿಂಗ್ ಚಿತ್ರಗಳಿಗಾಗಿ ರಜೆ ಹಾಕಿ ಜಲಪಾತಗಳನ್ನು ಸುತ್ತುವ ವಧೂವರರೂ ಅವರ ಗೆಳೆಯರೂ ಅದೇ ರಜೆಯಲ್ಲಿ ಊರಿಗೆ ಬಂದು ಕಂಬ ನೆಟ್ಟರೆ, ಹಲಸು ಹೆಚ್ಚಿದರೆ, ದಂಡೆ ಕಟ್ಟಿದರೆ, ನಿಂತುಹೋದ ಮುಯ್ಯಾಳು ಮತ್ತೆ ಚಾಲ್ತಿಗೆ ಬಂದೀತು. ಎಲ್ಲವನ್ನೂ ಕೈಯಿಂದಲೇ ಮಾಡಬೇಕೆಂಬ ಹಟವೂ ಬೇಡ. ಅಡುಗೆಗೆ ಬಾಣಸಿಗರನ್ನು ಕರೆಯಲಿ, ಮಳೆಯ ಭಯವಿದ್ದರೆ ಸೋಗೆಯ ಮೇಲೆ ತಗಡು ಹಾಸಲಿ. ಒಟ್ಟು ಭಾರ ಮನೆಯ ಹೆಂಗಸರ ಹೆಗಲಿಗೇ ಬೀಳದಂತೆ ಗಂಡಸರು ನೋಡಿಕೊಳ್ಳಲಿ.

ಆದರೂ ಕೆಲವನ್ನು ಮಾರುಕಟ್ಟೆಗೆ ಬಿಟ್ಟುಕೊಡಬಾರದೆಂದು ಬರಲಿರುವ ಬೇಸಗೆಯಲ್ಲಿ ಮದುವೆಯನ್ನು ಹೂಡುವ ಮನೆಗಳಲ್ಲಿ ನನ್ನ ವಿಜ್ಞಾಪನೆ. ಕರೆಯೋಲೆಯ ಒಕ್ಕಣೆಯನ್ನು ವಧೂವರರೇ ತಮ್ಮ ಮಾತಿನಲ್ಲಿ, ತಮ್ಮ ಕೈಬರಹದಲ್ಲಿ ಬರೆಯಲಿ. ಅದರ ಅಚ್ಚಿನ ಪ್ರತಿಗಳು ದೂರದವರಿಗೆ ಹೋಗಲಿ, ಹತ್ತಿರದವರನ್ನು ಮನೆಗೆ ಹೋಗಿಯೇ ಕರೆಯಲಿ. ಹಸೆಯ ಗೋಡೆಯನ್ನೂ ಬಾಗಿಲ ರಂಗವಲ್ಲಿಯನ್ನೂ ಮನೆಯವರೇ ಬರೆಯಲಿ, ರೇಖೆ ಸೊಟ್ಟಗಾದರೂ ಚಿಂತೆಯಿಲ್ಲ. ತಾಂಬೂಲದ ಎಲೆಯೂ ಅಡಿಕೆಯೂ ಸ್ವಂತ ತೋಟದವಾಗಿರಲಿ. ಪ್ರತಿಜ್ಞೆ ಯಾವ ವಿಧಿಯದೇ ಆಗಿರಲಿ, ವಧುವೂ ವರನೂ ಅದನ್ನು ನೆರೆದವರೆಲ್ಲರಿಗೂ ಕೇಳುವಂತೆ ಕನ್ನಡದಲ್ಲೊಮ್ಮೆ ಉಚ್ಚರಿಸಲಿ. ಕಂಬ ನೆಟ್ಟವನಿಗೂ ಕಾರಿನಲ್ಲಿ ಬಂದಿಳಿದವನಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಲಿ. ಮೊದಲ ಪಂಕ್ತಿಯಲ್ಲೇ ಹಾಕಲಿ. ಇದಕ್ಕೆ ಬೇಕಾಗುವ ಧನ ಅಲ್ಪ, ಬೇಕಾಗುವ ಧೈರ್ಯ ಮಾತ್ರ ಅಲ್ಪವಲ್ಲ. ಆ ಧೈರ್ಯವನ್ನು ಮೊದಲು ತೋರಬೇಕಾದವರು, ಸಾಲ ಮಾಡದೆಯೂ ವೈಭವದಿಂದ ಮದುವೆ ಮಾಡಬಲ್ಲ ಅನುಕೂಲಸ್ಥರು. ಅವರ ಅಂಗಳದಲ್ಲಿ ಚಪ್ಪರ ಎದ್ದರೆ, ಬಡವನ ಅಂಗಳದ ಚಪ್ಪರವನ್ನು ಬಡತನದ ಗುರುತೆಂದು ಯಾರೂ ಎಣಿಸಲಾರರು.