ನಾರ್ಕೊಂಡಮ್ ಮಂಗಟ್ಟೆ ಮತ್ತು ನಮ್ಮ 'ಟಿಕ್' ಹುಚ್ಚು

ಅಲ್ಲಾ ಸ್ವಾಮಿ, ಅಂಡಮಾನ್ ಸಮುದ್ರದ ನಾರ್ಕೊಂಡಮ್ ದ್ವೀಪವನ್ನೂ ನಮ್ಮಂಥ ಪಕ್ಷಿವೀಕ್ಷಕರಿಗೆ ತೆರೆದುಬಿಡಬೇಕಂತೆ! ಯಾಕೆ? ಕೆಲವು ಗೆಳೆಯರ ಲೈಫ್ ಲಿಸ್ಟಿನಲ್ಲಿ ಒಂದು ಟಿಕ್ ಬಾಕಿ ಇದೆ, ಅಷ್ಟೇ...

ಈ ಜ್ವಾಲಾಮುಖಿ ದ್ವೀಪ ಏಳು ಚದರ ಕಿಲೋಮೀಟರೂ ಇಲ್ಲ. ನಾರ್ಕೊಂಡಮ್ ಮಂಗಟ್ಟೆ ಇಡೀ ಭೂಮಿ ಮೇಲೆ ಇರೋದು ಇಲ್ಲಿ ಮಾತ್ರ, ಅದೂ ನೂರರ ಲೆಕ್ಕದಲ್ಲಿ. 2012ರಲ್ಲಿ ಕೋಸ್ಟ್ ಗಾರ್ಡ್ ರೇಡಾರಿಗೆ ಪರಿಸರ ಸಚಿವಾಲಯ ಒಲ್ಲೆ ಅಂದಾಗ ಚಪ್ಪಾಳೆ ತಟ್ಟಿದವರು ನಾವೇ. 2014ರಲ್ಲಿ ಒಪ್ಪಿಗೆ ಸಿಕ್ಕಾಗ ಬೈದವರೂ ನಾವೇ. ದೇಶದ ಕಾವಲಿಗೇ ಜಾಗ ಬೇಡ ಅಂದವರು, ನಮ್ಮ ಕ್ಯಾಮೆರಾಗೆ ಮಾತ್ರ ದಾರಿ ಬಿಡಿ ಅಂದ್ರೆ ಹೇಗೆ?

"ಪ್ರವಾಸಿಗರ ದುಡ್ಡಿಂದಲೇ ಹಕ್ಕಿ ಉಳಿಯೋದು" ಅಂತಾರೆ. ದಾಂಡೇಲಿಯಲ್ಲಿ ಆ ಮಾತು ಸರಿ ಇರಬಹುದು. ಅಲ್ಲಿನ ಮಂಗಟ್ಟೆಗೆ ಹಾರಿಹೋಗಲು ಪಕ್ಕದಲ್ಲಿ ಇನ್ನೊಂದು ಕಾಡಿದೆ. ದ್ವೀಪದ ಹಕ್ಕಿ ಎಲ್ಲಿಗೆ ಹೋಗಬೇಕು? ಹವಾಯಿಗೆ ಹಡಗಿನಲ್ಲಿ ಬಂದ ಸೊಳ್ಳೆ ಅಲ್ಲಿನ ಹಕ್ಕಿಗಳಿಗೆ ಮಲೇರಿಯಾ ಹರಡಿತು. ಕೌವಾಯಿ ದ್ವೀಪದ 'ಓಓ' ಹಕ್ಕಿಯ ದನಿ ಕೊನೆಗೆ ಕೇಳಿದ್ದು 1987ರಲ್ಲಿ. 2023ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಳಿದ ಪಟ್ಟಿಗೆ ಸೇರಿಸಿತು. ಅದೂ ಒಂದು ಲಿಸ್ಟೇ ನೋಡಿ!

ನೋಡದೇ ಪ್ರೀತಿಸೋಕೆ ನಮಗೆ ಬರಲ್ವಾ? ನನ್ನ ಲಿಸ್ಟಿನಲ್ಲಿ ಆ ಸಾಲು ಖಾಲಿಯೇ ಇರಲಿ. ನೀವೇನಂತೀರಾ?