ರಸೆಲ್ ಮಾರ್ಕೆಟಿನಲ್ಲೂ ಮೀನು ಅಳೆಯಿರಿ

ಮಾನ್ಯ ಮೀನುಗಾರಿಕೆ ಸಚಿವರೇ,

ಬೆಂಗಳೂರಿನ ಹಲಸೂರಿನಲ್ಲಿ ಕೂತು ಕಡಲಿನ ಬಗ್ಗೆ ಬರೆಯುವವನಿಗೆ ಬೇರೆ ಕೆಲಸವಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ಆದರೆ ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ಹರಾಜಾದ ಮೀನು ರಾತ್ರೋರಾತ್ರಿ ಘಾಟಿ ಹತ್ತಿ ಶಿವಾಜಿನಗರಕ್ಕೆ ಬರುತ್ತದೆ. ಇಂದಿರಾನಗರದ ಹೋಟೆಲುಗಳಿಗೂ ಕೆ.ಆರ್. ಪುರದ ತಳ್ಳುಗಾಡಿಗಳಿಗೂ ಹಂಚಿಹೋಗುತ್ತದೆ. ತಿನ್ನುವ ನಮಗೂ ಮಾತಾಡುವ ಹಕ್ಕಿದೆ.

ಮೊನ್ನೆ ಅದೇ ಶಿವಾಜಿನಗರದ ರಸೆಲ್ ಮಾರ್ಕೆಟಿನ ಒಂದು ಅಂಗಡಿಯಲ್ಲಿ ಥರ್ಮಾಕೋಲ್ ಪೆಟ್ಟಿಗೆಯ ತುಂಬ ಬಂಗುಡೆ ಇತ್ತು. ಐಸಿನ ಚೂರುಗಳ ನಡುವೆ ಮಲಗಿದ್ದ ಆ ಮೀನುಗಳು ಅರ್ಧ ಗೇಣೂ ದಾಟಿರಲಿಲ್ಲ. ಒಂದು ಸಲವೂ ಮೊಟ್ಟೆಯಿಡದ ಮರಿಗಳು. "ಚಿಕ್ಕದೇ ರುಚಿ ಸಾರ್, ಮುಳ್ಳೂ ಮೆತ್ತಗೆ" ಎಂದ ಅಂಗಡಿಯವನು. ಅವನದೇನೂ ತಪ್ಪಿಲ್ಲ. ಇಂಥದ್ದನ್ನು ಮಾರಬಾರದೆಂದು ಅವನಿಗೆ ಯಾರೂ ಹೇಳಿಲ್ಲ, ಕೊಳ್ಳಬಾರದೆಂದು ಗಿರಾಕಿಗೂ ಹೇಳಿಲ್ಲ. ಕೇರಳ 2015ರಲ್ಲೇ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ 10 ಸೆಂ.ಮೀ. ಎಂದು ಹಿಡಿಯಬಹುದಾದ ಕನಿಷ್ಠ ಉದ್ದ ಗೊತ್ತುಮಾಡಿತು. ಆಮೇಲೆ ನಮ್ಮಲ್ಲೂ ಅಂಥ ನಿಯಮ ಬಂತು. ಜೊತೆಗೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಇವೆಲ್ಲ ಬಂದರಿನ ಗೇಟಿನವರೆಗಿನ ಕಾನೂನು. ಮೀನಿನ ಲಾರಿ ಶಿರಾಡಿ ಘಾಟಿ ಹತ್ತಿದ ಮೇಲೆ ಕೇಳುವವರಿಲ್ಲ.

ಸೇವಾಸಂಸ್ಥೆಗಳು ಕೈಕಟ್ಟಿ ಕೂತಿಲ್ಲ. 2008ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ದಕ್ಷಿಣ್ ಫೌಂಡೇಶನ್ ಒಡಿಶಾದ ಋಷಿಕುಲ್ಯದಲ್ಲಿ ಕಡಲಾಮೆಗಳನ್ನು ಅಧ್ಯಯನ ಮಾಡುತ್ತದೆ, ಲಕ್ಷದ್ವೀಪದಲ್ಲಿ ತಾವು ಹಿಡಿದ ಮೀನಿನ ಲೆಕ್ಕವನ್ನು ಮೀನುಗಾರರೇ ಬರೆದಿಡುವಂತೆ ಮಾಡಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅದೇ ದ್ವೀಪಗಳ ಹವಳದ ದಿಬ್ಬಗಳನ್ನು ವರ್ಷಗಟ್ಟಲೆ ಗಮನಿಸುತ್ತ ಬಂದಿದೆ. ಪಶ್ಚಿಮ ಕರಾವಳಿಯ ಯಾವ ಮೀನನ್ನು ಯಾವ ತಿಂಗಳು ತಿನ್ನದೆ ಬಿಡಬೇಕೆಂದು 'ನೋ ಯುವರ್ ಫಿಶ್' ಎಂಬ ಗುಂಪು ಕ್ಯಾಲೆಂಡರೇ ತಯಾರಿಸಿದೆ. ಇಷ್ಟೆಲ್ಲ ತಿಳಿವಳಿಕೆ ಇದ್ದೂ ಶಿವಾಜಿನಗರದ ಮೀನಂಗಡಿಗೆ ಅದರಲ್ಲಿ ಒಂದು ಸಾಲೂ ಇಳಿದಿಲ್ಲ.

ಸಂಸ್ಥೆಗಳಿಗೆ ಹೇಳುವ ಬಾಯಿದೆ, ತಡೆಯುವ ಅಧಿಕಾರವಿಲ್ಲ. ಗುಜರಾತಿನಲ್ಲಿ ಇವೆರಡೂ ಕೂಡಿದಾಗ ಏನಾಯಿತೆಂದು ನೋಡಿ. ತಿಮಿಂಗಿಲ ಶಾರ್ಕ್‌ಗೆ 2001ರಲ್ಲೇ ಕಾನೂನಿನ ರಕ್ಷಣೆ ಸಿಕ್ಕಿತ್ತು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಅಭಿಯಾನ ಶುರುಮಾಡಿ, ಪ್ರವಚನಕಾರ ಮೊರಾರಿ ಬಾಪು ಅವರಂಥವರಿಂದ ಹೇಳಿಸಿ, ಮೀನುಗಾರರ ಮನವೊಲಿಸಿತು. ಬಲೆ ಕತ್ತರಿಸಿ ಶಾರ್ಕನ್ನು ಬಿಟ್ಟವರಿಗೆ ಸರ್ಕಾರ ಪರಿಹಾರ ಕೊಟ್ಟಿತು. ಬೇಟೆಯಾಡುತ್ತಿದ್ದವರೇ ನೂರಾರು ಶಾರ್ಕ್‌ಗಳನ್ನು ಬಿಟ್ಟುಕಳಿಸಿದರು. ನಮ್ಮಲ್ಲೋ, 2021ರ ಮಾರ್ಚ್‌ನಲ್ಲಿ ಮಲ್ಪೆಗೆ ಬಂದ ಗರಗಸ ಮೀನು, ಹುಲಿಗಿರುವಷ್ಟೇ ರಕ್ಷಣೆಯುಳ್ಳ ಜೀವಿ, ಹರಾಜಾಗಿ ಹೋಯಿತು. ಗೊತ್ತಿಲ್ಲದೆ ಬಲೆಗೆ ಬಿದ್ದಿತ್ತು ಎನ್ನೋಣ. ಧಕ್ಕೆಯಲ್ಲಿ ಅದನ್ನು ಗುರುತಿಸಿ ಹೇಳುವವರು ಇರಬೇಕಿತ್ತು.

ಹಾಗಂತ ಅಂಗಡಿಗಳ ಮೇಲೆ ದಾಳಿ ಮಾಡಿಸಬೇಡಿ. ಅದರಿಂದ ಬಡ ವ್ಯಾಪಾರಿ ಸಾಯುತ್ತಾನೆ, ಟ್ರಾಲರ್ ಮಾಲೀಕ ನಗುತ್ತಾನೆ. ಮರಿಮೀನು ಹಿಡಿದವನನ್ನು ಬಂದರಿನಲ್ಲೇ ಹಿಡಿಯಿರಿ, 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ನಿಮ್ಮ ಕೈಯಲ್ಲೇ ಇದೆ. ಇಲ್ಲಿ ಮಾರ್ಕೆಟಿನ ಬಾಗಿಲಲ್ಲಿ ಕನ್ನಡ, ಉರ್ದು, ತಮಿಳಿನಲ್ಲಿ ಒಂದು ಬೋರ್ಡು ಹಾಕಿಸಿ. ಮೀನಿನ ಚಿತ್ರ, ಕನಿಷ್ಠ ಉದ್ದ, ಬಿಡಬೇಕಾದ ತಿಂಗಳು, ಇಷ್ಟಿದ್ದರೆ ಸಾಕು. ಅದರಲ್ಲಿ ಏನು ಬರೆಯಬೇಕೆಂಬುದನ್ನು ಸಂಸ್ಥೆಗಳಿಗೆ ಬಿಡಿ. ಇಲಾಖೆಯ ಮುದ್ರೆ ಮಾತ್ರ ನಿಮ್ಮದಿರಲಿ. ಮುದ್ರೆಯಿಲ್ಲದ ಬೋರ್ಡನ್ನು ಶಿವಾಜಿನಗರದಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ.

ಆಗಸ್ಟ್ 1ಕ್ಕೆ ದೋಣಿಗಳು ಮತ್ತೆ ಕಡಲಿಗಿಳಿಯುತ್ತವೆ. ಹೊಸ ಹಂಗಾಮಿನ ಮೊದಲ ಲಾರಿ ಇಲ್ಲಿಗೆ ಬರುವಷ್ಟರಲ್ಲಿ ಆ ಬೋರ್ಡು ಎದ್ದು ನಿಲ್ಲಲಿ ಎಂದು ಕೋರುತ್ತೇನೆ.

ಇತಿ,
ಹಲಸೂರಿನ ಒಬ್ಬ ಮೀನುಪ್ರಿಯ